ಬ್ರಿಟನ್ನಿನ ವೈಜ್ಞಾನಿಕ ಕಾಲ್ಪನಿಕ ಟಿವಿ ಸರಣಿ 'ಡಾಕ್ಟರ್ ಹೂ'ನಲ್ಲಿ 60ರ ದಶಕದ ಕಥೆಗಳು ಚೆನ್ನಾಗಿವೆಯಾ, 70ರ ದಶಕದವಾ?

ನನ್ನ ಓಟು 70ರ ದಶಕಕ್ಕೆ. 1963ರಲ್ಲಿ ಬಿಬಿಸಿ ಶುರು ಮಾಡಿದಾಗ ಇದು ಕಪ್ಪು-ಬಿಳುಪು, ಕಂತಿಗೆ ಸುಮಾರು 25 ನಿಮಿಷ, ಆದರೆ ಒಂದೇ ಕಥೆ ವಾರಗಟ್ಟಲೆ ಎಳೆಯುತ್ತಿತ್ತು. ಸರಣಿಯ ಹೆಸರಾಂತ ಖಳರಾದ ಡಾಲೆಕ್‌ಗಳು ಮೊದಲು ಬಂದ ಕಥೆಗೇ 7 ಕಂತು, 1969ರ 'ದ ವಾರ್ ಗೇಮ್ಸ್'ಗೆ 10. ನಡುವೆ ಸುಮ್ನೆ ಸಿಕ್ಕಿಬೀಳುವುದು, ತಪ್ಪಿಸಿಕೊಳ್ಳುವುದು, ಮತ್ತೆ ಸಿಕ್ಕಿಬೀಳುವುದು. ಆದರೂ ಶುರುವಿನ ಕಥೆಗಳಲ್ಲಿ ಮೊದಲ ಡಾಕ್ಟರ್ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ಅವರ ಸಿಡುಕು ಮುದುಕನನ್ನು ಪೂರ್ತಿ ನಂಬಲು ಆಗುವುದಿಲ್ಲ, ಅಲ್ವಾ? ಆ ಅಳುಕು ನನಗೆ ಆಮೇಲೆ ಅಷ್ಟಾಗಿ ಸಿಗಲಿಲ್ಲ.

70ರ ದಶಕದಲ್ಲಿ ಡಾಕ್ಟರ್ ಪಾತ್ರಕ್ಕೆ ಬಂದ ಟಾಮ್ ಬೇಕರ್ ಕಾಲಕ್ಕೆ ಬಣ್ಣ ಬಂದಿತ್ತು, 4 ಕಂತಿನ ಕಥೆಗಳೇ ಜಾಸ್ತಿ, ಮಾತಿನಲ್ಲಿ ತಮಾಷೆಯೂ ಇತ್ತು. ಸೆಟ್ಟುಗಳು ಆಗಲೂ ಅಗ್ಗದವೇ, ಬಿಡಿ. ಮೊದಲು 1979ರ 'ಸಿಟಿ ಆಫ್ ಡೆತ್' ನೋಡಿ, ಮೋನಾಲಿಸಾ ಕದಿಯುವ ಕಥೆ, ಒಂದಷ್ಟು ಭಾಗ ಪ್ಯಾರಿಸ್‌ನಲ್ಲೇ ಚಿತ್ರೀಕರಿಸಿದ್ದಾರೆ.