ಓದುಗರ ಪ್ರಶ್ನೆಗಳು: ನದಿಯ ಸೆಳವಿನಲ್ಲಿ ದೋಣಿ ಸ್ಪರ್ಧೆ

ಪ್ರಶ್ನೆ: ತೂಗುಬಿಟ್ಟ ಕಂಬಗಳ ನಡುವೆ ಕಯಾಕ್ ನುಗ್ಗಿಸುವ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಲ್ಲಿ ನೋಡಿದ್ದೇನೆ. ‘ವೈಲ್ಡ್‌ವಾಟರ್’ ಎಂಬುದಕ್ಕೆ ಬೇರೆಯದೇ ವಿಶ್ವ ಚಾಂಪಿಯನ್‌ಷಿಪ್ ಇದೆಯಂತೆ. ವ್ಯತ್ಯಾಸವೇನು? ಅದು ಒಲಿಂಪಿಕ್ಸ್‌ನಲ್ಲಿ ಏಕಿಲ್ಲ? (ಶಿವಮೊಗ್ಗದ ಓದುಗರು)

ಉತ್ತರ: ನೀವು ನೋಡಿರುವುದು ಸ್ಲಾಲಂ. ಅದರಲ್ಲಿ ಕಂಬಕ್ಕೆ ತಾಗಿದರೆ 2 ಸೆಕೆಂಡ್, ದ್ವಾರವನ್ನೇ ತಪ್ಪಿಸಿದರೆ 50 ಸೆಕೆಂಡ್ ದಂಡವಾಗಿ ಸೇರುತ್ತದೆ. ವೈಲ್ಡ್‌ವಾಟರ್‌ನಲ್ಲಿ ದ್ವಾರಗಳೂ ಇಲ್ಲ, ಅವುಗಳ ದಂಡವೂ ಇಲ್ಲ. ಬಂಡೆ, ಅಲೆ, ಸುಳಿಗಳಿರುವ ನದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಯಾರು ಬೇಗ ತಲುಪುತ್ತಾರೆ ಎಂಬುದಷ್ಟೇ ಲೆಕ್ಕ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1959ರಲ್ಲಿ ಫ್ರಾನ್ಸಿನ ಟ್ರೆನ್ಯಾಕ್ ಊರಿನ ವೆಝೇರ್ ನದಿಯಲ್ಲಿ ನಡೆಯಿತು; 2022ರಲ್ಲಿ ಕೂಟ ಮತ್ತೆ ಅಲ್ಲಿಗೇ ಬಂದಿತ್ತು.

‘ಕ್ಲಾಸಿಕ್’ ಸ್ಪರ್ಧೆಯ ಹಾದಿ ಹಲವು ಕಿಲೋಮೀಟರ್ ಉದ್ದವಿದ್ದರೆ, ‘ಸ್ಪ್ರಿಂಟ್’ ಕೆಲವೇ ನೂರು ಮೀಟರಿನದು. ತೋಳ್ಬಲವಿದ್ದವರೇ ಗೆಲ್ಲುತ್ತಾರೆಂದು ದಡದಲ್ಲಿ ನಿಂತವರಿಗೆ ಅನ್ನಿಸಬಹುದು, ಆದರೆ ಕ್ಲಾಸಿಕ್‌ನಲ್ಲಿ ನೀರಿನ ಜಾಡು ಹಿಡಿಯುವ ಕಣ್ಣಿಗೇ ಹೆಚ್ಚಿನ ಬೆಲೆ. ಸೆಳವು ನಡುನೀರಿನಲ್ಲಿ ಅತಿ ವೇಗವಾಗಿದ್ದರೂ ದೊಡ್ಡ ಅಲೆಗಳು ಏಳುವುದೂ ಅಲ್ಲಿಯೇ. ಅಲೆಗೆ ನೇರವಾಗಿ ನುಗ್ಗಿದರೆ ದೋಣಿಯ ಮೂಗು ನೀರಿನಲ್ಲಿ ಹುದುಗಿ ವೇಗ ಕುಂದುತ್ತದೆ, ಹೆದರಿ ತೀರ ಅಂಚಿಗೆ ಸರಿದರೆ ಬಂಡೆಯ ಹಿಂದಿನ ತಿರುಗುನೀರು ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಅಲೆಗಳ ಪಕ್ಕವನ್ನು ಸವರಿಕೊಂಡು, ಸೆಳವನ್ನೂ ಬಿಡದೆ ಸಾಗಬೇಕು. ಸ್ಪರ್ಧಿಗಳನ್ನು ಅಂತರ ಕೊಟ್ಟು ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ಹಿಂದಿನಿಂದ ಸಮೀಪಿಸಿದವರು ‘ಫ್ರೀ’ ಎಂದು ಕೂಗಿದರೆ ಮುಂದಿನವರು ದಾರಿ ಬಿಡಬೇಕೆಂಬುದು ನಿಯಮ.

ಇನ್ನು ಒಲಿಂಪಿಕ್ಸ್. ಸ್ಲಾಲಂ 1972ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನ ಕೃತಕ ಕಾಲುವೆಯಲ್ಲಿ ಮೊದಲ ಬಾರಿಗೆ ನಡೆಯಿತು. ಪೂರ್ವ ಜರ್ಮನಿಯವರು ಆ ಕಾಲುವೆಯ ತದ್ರೂಪವೊಂದನ್ನು ತಮ್ಮ ತ್ಸ್ವಿಕಾವ್ ನಗರದಲ್ಲಿ ಕಟ್ಟಿಕೊಂಡು ಅಭ್ಯಾಸ ಮಾಡಿ, ನಾಲ್ಕಕ್ಕೆ ನಾಲ್ಕೂ ಚಿನ್ನವನ್ನು ಒಯ್ದರು. ನಂತರ ಸ್ಲಾಲಂ ಮರಳಿದ್ದು 1992ರಲ್ಲಿ. ವೈಲ್ಡ್‌ವಾಟರ್ ಮಾತ್ರ ಒಮ್ಮೆಯೂ ಸೇರಿಲ್ಲ. ನನ್ನ ಅಭಿಪ್ರಾಯದಲ್ಲಿ ದೊಡ್ಡ ತೊಡಕೆಂದರೆ ಸ್ಥಳ: ಸ್ಲಾಲಂ ಅನ್ನು ಒಂದೇ ಗ್ಯಾಲರಿಯಲ್ಲಿ ಕುಳಿತು ಪೂರ್ತಿ ನೋಡಬಹುದು, ಕ್ಲಾಸಿಕ್‌ಗೆ ಕಣಿವೆಯೇ ಬೇಕು. ಸ್ಪ್ರಿಂಟ್ ಕಾಲುವೆಗೂ ಒಗ್ಗುತ್ತದೆ. 2011ರ ಸ್ಪ್ರಿಂಟ್ ವಿಶ್ವ ಚಾಂಪಿಯನ್‌ಷಿಪ್ ಅದೇ ಆಗ್ಸ್‌ಬರ್ಗ್‌ನಲ್ಲಿ ನಡೆದಿತ್ತು.

ಪ್ರಶ್ನೆ: ಈ ದೋಣಿಗಳ ಹಿಂಭಾಗ ರೆಕ್ಕೆಯಂತೆ ಉಬ್ಬಿರುವುದೇಕೆ? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಅದು ನಿಯಮಕ್ಕೆ ವಿನ್ಯಾಸಕಾರರು ಕಂಡುಕೊಂಡ ಉಪಾಯ. ಒಬ್ಬರ ಕಯಾಕ್ 4.5 ಮೀಟರಿಗಿಂತ ಉದ್ದ ಇರಬಾರದು, ಅಗಲ 60 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು. ವೇಗಕ್ಕೆ ಬೇಕಾದದ್ದು ಕಿರಿದಾದ ಒಡಲು. ಆದ್ದರಿಂದ ಹುಟ್ಟು ಹಾಕುವ ಕೈಗೆ ತಡೆಯಾಗದಂತೆ ಮುಂಭಾಗವನ್ನು ಕಿರಿದಾಗಿಯೇ ಉಳಿಸಿ, ಬೇಕಾದ ಅಗಲವನ್ನು ಆಸನದ ಹಿಂದೆ, ನೀರಿನ ಮಟ್ಟಕ್ಕಿಂತ ಮೇಲೆ ಉಬ್ಬಿಸಿದರು. ಚುಕ್ಕಾಣಿಗೆ ಅನುಮತಿಯಿಲ್ಲದ ಈ ದೋಣಿಯನ್ನು ಬಲಕ್ಕೆ ವಾಲಿಸಿದರೆ ಆ ಬದಿಯ ರೆಕ್ಕೆ ನೀರಿಗೆ ತಾಗಿ, ಮೂಗು ಎಡಕ್ಕೆ ತಿರುಗುತ್ತದೆ.

ಪ್ರಶ್ನೆ: ನಮ್ಮ ಕಾಳಿ ನದಿಯಲ್ಲಿ ಇಂಥ ಕೂಟ ಸಾಧ್ಯವೇ? (ದಾಂಡೇಲಿಯ ಓದುಗರು)

ಉತ್ತರ: ಇಳಿಜಾರು, ಬಂಡೆಗಳು ಇವೆ, ಪ್ರಶ್ನೆ ನೀರಿನದು. ಗಣೇಶಗುಡಿಯ ರಾಫ್ಟಿಂಗ್ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ನೆಚ್ಚಿಕೊಂಡಿದೆ. ಮೊದಲ ಸ್ಪರ್ಧಿಗೂ ಕೊನೆಯ ಸ್ಪರ್ಧಿಗೂ ಒಂದೇ ಮಟ್ಟದ ನೀರು ಸಿಗದಿದ್ದರೆ ಕಾಲದ ಹೋಲಿಕೆಗೆ ಅರ್ಥವಿಲ್ಲ. ಆದ್ದರಿಂದ ವಿದ್ಯುತ್ ಉತ್ಪಾದನೆಯ ವೇಳೆಯೊಂದಿಗೆ ಸ್ಪರ್ಧೆಯ ವೇಳೆಯನ್ನು ಹೊಂದಿಸಿಕೊಳ್ಳುವ ಲಿಖಿತ ಒಪ್ಪಂದವೇ ಮೊದಲ ಹೆಜ್ಜೆಯಾಗಬೇಕು. ಕೇರಳದ ಕೋಝಿಕ್ಕೋಡ್ ಜಿಲ್ಲೆಯಲ್ಲಿ ನಡೆಯುವ ಮಲಬಾರ್ ರಿವರ್ ಫೆಸ್ಟಿವಲ್ ಮಳೆಗಾಲದ ನೀರನ್ನೇ ನಂಬಿ ವಿದೇಶಿ ಕಯಾಕರ್‌ಗಳನ್ನೂ ಸೆಳೆಯುತ್ತದೆ. ಸಂಘಟಕರು ಅದನ್ನು ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು.