ತಪ್ಪು ಹೊಸ ಔಷಧಿಯದ್ದಾ, ಹಳೆಯದ್ದಾ?

ಮಕ್ಕಳ ಫಿಟ್ಸ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮಕ್ಕಳ ನರರೋಗ ವೈದ್ಯೆಯ ಉತ್ತರ

ಪ್ರಶ್ನೆ: ಮೇಡಂ, ನನ್ನ ಮಗನಿಗೆ 8 ವರ್ಷ, ತೂಕ 20 ಕಿಲೋ. ಲೆನಾಕ್ಸ್–ಗ್ಯಾಸ್ಟೋ ಸಿಂಡ್ರೋಮ್ ಎಂಬ ತೀವ್ರ ಫಿಟ್ಸ್ ಕಾಯಿಲೆ ಇದೆ. ನಿಂತಲ್ಲೇ ಧೊಪ್ಪನೆ ಬಿದ್ದುಬಿಡುತ್ತಾನೆ, ತಲೆಗೆ ಹೆಲ್ಮೆಟ್ ಹಾಕಿಯೇ ಓಡಾಡಿಸುತ್ತೇವೆ. ವಾಲ್‌ಪ್ರೊಯೇಟ್, ಕ್ಲೊಬಜಾಮ್ ಎರಡನ್ನೂ ವರ್ಷಗಳಿಂದ ಕೊಡುತ್ತಿದ್ದೇವೆ. ಐದು ವಾರದ ಹಿಂದೆ ಡಾಕ್ಟರು ಎಪಿಡಿಯೋಲೆಕ್ಸ್ ಸೇರಿಸಿದರು. ಅರ್ಧ ಎಂಎಲ್‌ನಿಂದ ಶುರು ಮಾಡಿ, ವಾರವಾರ ಅರ್ಧರ್ಧ ಏರಿಸಿ, ಈಗ ದಿನಕ್ಕೆ ಎರಡು ಸಲ 2 ಎಂಎಲ್. ಬೀಳುವುದು ನಿಜವಾಗಿಯೂ ಕಡಿಮೆಯಾಗಿದೆ. ಆದರೆ ಹುಡುಗ ಮಧ್ಯಾಹ್ನದವರೆಗೂ ಏಳುವುದಿಲ್ಲ, ಎದ್ದರೂ ತೂಗುತ್ತಾನೆ. ಜೊಲ್ಲು ಸುರಿಯುತ್ತದೆ. ದಿನಕ್ಕೆ ನಾಲ್ಕೈದು ಸಲ ಭೇದಿ. ತಟ್ಟೆ ತಳ್ಳುತ್ತಾನೆ. ಮೊನ್ನೆ ರಕ್ತಪರೀಕ್ಷೆಯಲ್ಲಿ ಲಿವರಿನ ಸ್ಥಿತಿ ಹೇಳುವ ಎಎಲ್‌ಟಿ 148 ಬಂದಿದೆ, ಲ್ಯಾಬಿನವರು 40 ಮಿತಿ ಅಂತ ಬರೆದಿದ್ದಾರೆ. ಕಾಮಾಲೆ ತೋರಿಸುವ ಬಿಲಿರುಬಿನ್ ಸರಿಯಿದೆ. ಮನೆಯಲ್ಲಿ ಎಲ್ಲರೂ ಒಂದೇ ಮಾತು: "ಗಾಂಜಾ ಕೊಟ್ಟರೆ ಇನ್ನೇನಾಗುತ್ತೆ, ಇವತ್ತೇ ನಿಲ್ಲಿಸು." ನಿಲ್ಲಿಸಲಾ?

ಉತ್ತರ: ಇವತ್ತೇ ನಿಲ್ಲಿಸಬೇಡಿ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಎರಡೂ ಮಾತು ಅಷ್ಟೇ ಮುಖ್ಯ.

ಯಾವ ಫಿಟ್ಸ್ ಔಷಧಿಯನ್ನಾದರೂ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಹೆಚ್ಚಾಗಬಹುದು, ಒಂದರ ಹಿಂದೆ ಒಂದು ಬಿಡದೆ ಬರಲೂಬಹುದು. ಅದು ಭೇದಿಗಿಂತ ದೊಡ್ಡ ಅಪಾಯ. ಲಿವರ್ ತೀರಾ ಕೆಟ್ಟರೆ ಡಾಕ್ಟರೇ ಒಮ್ಮೆಲೇ ನಿಲ್ಲಿಸಲು ಹೇಳುತ್ತಾರೆ. ಆ ತೀರ್ಮಾನ ಅವರದ್ದಾಗಲಿ.

ಇನ್ನು ಗಾಂಜಾ ಮಾತು. ಎಪಿಡಿಯೋಲೆಕ್ಸ್‌ನಲ್ಲಿರುವುದು ಕ್ಯಾನಬಿಡಿಯಾಲ್. ಅದು ಗಾಂಜಾ ಗಿಡದ ಜಾತಿಯಿಂದಲೇ ಬರುತ್ತದೆ, ನಿಜ. ಆದರೆ ನಶೆ ಏರಿಸುವುದು ಟಿಎಚ್‌ಸಿ ಎಂಬ ಬೇರೆ ವಸ್ತು. ಈ ಔಷಧಿ ಶುದ್ಧೀಕರಿಸಿದ ಕ್ಯಾನಬಿಡಿಯಾಲ್. ಅಮೆರಿಕದಲ್ಲಿ 2018ರ ಜೂನ್‌ನಲ್ಲಿ ಲೆನಾಕ್ಸ್–ಗ್ಯಾಸ್ಟೋ ಮತ್ತು ಡ್ರಾವೆ ಸಿಂಡ್ರೋಮ್ ಎಂಬ ಎರಡು ತೀವ್ರ ಫಿಟ್ಸ್ ಕಾಯಿಲೆಗಳಿಗೆ ಇದನ್ನು ಕೊಡಲು ಒಪ್ಪಿಗೆ ಸಿಕ್ಕಿತು. ನಿಮ್ಮ ಹುಡುಗ ತೂಗುತ್ತಿರುವುದು ನಶೆಯಿಂದಲ್ಲ.

ಹಾಗಾದರೆ ಯಾಕೆ? ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೊಸ ಸೊಸೆ ಕಾಲಿಟ್ಟ ತಿಂಗಳು ಮನೆಯಲ್ಲಿ ಏನು ಒಡೆದರೂ ಅವಳ ತಲೆಗೇ ಕಟ್ಟುತ್ತಾರಲ್ಲ, ಹೊಸ ಔಷಧಿಯದ್ದೂ ಅದೇ ಕಥೆ. ಎಷ್ಟೋ ಸಲ ಒಡೆದದ್ದು ಹಳಬರ ಕೈಯಲ್ಲೇ.

ಕ್ಲೊಬಜಾಮ್ ಹೊಟ್ಟೆಗೆ ಹೋದ ಮೇಲೆ ಒಡೆದು ಇನ್ನೊಂದು ವಸ್ತುವಾಗುತ್ತದೆ. ಅದೂ ಫಿಟ್ಸ್ ತಡೆಯುತ್ತದೆ, ಅದೂ ನಿದ್ದೆ ತರಿಸುತ್ತದೆ. ಅದನ್ನು ಕರಗಿಸಿ ಹೊರಗೆ ಹಾಕುವ ಕಿಣ್ವ ಲಿವರಿನಲ್ಲಿದೆ. ಕ್ಯಾನಬಿಡಿಯಾಲ್ ಬಂದು ಆ ಕಿಣ್ವದ ಕೈ ಕಟ್ಟುತ್ತದೆ. ಆಗ ಆ ವಸ್ತು ರಕ್ತದಲ್ಲಿ ಸುಮಾರು ಮೂರು ಪಟ್ಟು ಏರುತ್ತದೆ. ನೀವು ಕ್ಲೊಬಜಾಮ್ ಒಂದು ಚೂರೂ ಹೆಚ್ಚಿಸಿಲ್ಲ. ಆದರೆ ಮಗನ ಮೈಗೆ ಹೆಚ್ಚಿಸಿದ ಹಾಗೇ ಆಗಿದೆ. ನಿದ್ದೆ, ತೂಗಾಟ, ಜೊಲ್ಲು, ಮೂರೂ ಕ್ಲೊಬಜಾಮ್ ಜಾಸ್ತಿಯಾದಾಗಿನ ಗುರುತುಗಳೇ. ಔಷಧಿಯ ಪ್ರಯೋಗಗಳಲ್ಲೂ ಇದು ಕಂಡಿತ್ತು: ಕ್ಲೊಬಜಾಮ್ ಜೊತೆಗೆ ಕ್ಯಾನಬಿಡಿಯಾಲ್ ತೆಗೆದುಕೊಂಡವರಲ್ಲಿ ನೂರಕ್ಕೆ 46 ಮಂದಿಗೆ ಮಂಪರು, ಕ್ಲೊಬಜಾಮ್ ಇಲ್ಲದವರಲ್ಲಿ 16 ಮಂದಿಗೆ. ಆದ್ದರಿಂದ ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಎಪಿಡಿಯೋಲೆಕ್ಸ್ ನಿಲ್ಲಿಸೋಣವಾ" ಅಂತಲ್ಲ, "ಕ್ಲೊಬಜಾಮ್ ಸ್ವಲ್ಪ ಇಳಿಸಬಹುದಾ" ಅಂತ. ಅದನ್ನೂ ಮೆಲ್ಲಗೆ, ಹಂತಹಂತವಾಗಿ ಇಳಿಸಬೇಕು. ಮನೆಯಲ್ಲೇ ಮಾತ್ರೆ ಮುರಿದು ಪ್ರಯೋಗ ಮಾಡಬೇಡಿ. ಮಗ ಬೀಳುವುದು ಕಡಿಮೆಯಾಗಿದ್ದರಲ್ಲಿ ಆ ಏರಿದ ಕ್ಲೊಬಜಾಮ್‌ನದ್ದೂ ಒಂದು ಪಾಲಿರಬಹುದು. ತೂಗಾಟ ನಿಲ್ಲುವವರೆಗೆ ಅವನು ಊಟ ಮಾಡುವಾಗ ನೆಟ್ಟಗೆ ಕೂರಿಸಿ. ಮಂಪರಿನಲ್ಲಿರುವಾಗ ಬಾಯಿಗೆ ತುರುಕಬೇಡಿ, ಶ್ವಾಸಕ್ಕೆ ಇಳಿಯುತ್ತದೆ.

ಲಿವರ್ ವಿಷಯಕ್ಕೆ ಬರೋಣ. 148 ಅಂದರೆ ಮಿತಿಯ ಮೂರೂಮುಕ್ಕಾಲು ಪಟ್ಟು ಹತ್ತಿರ. ಸುಮ್ನೆ ಬಿಡುವಂಥದ್ದಲ್ಲ, ಎದೆ ಒಡೆದುಕೊಳ್ಳುವಂಥದ್ದೂ ಅಲ್ಲ. ಇಲ್ಲಿಯೂ ಹಳಬರೊಬ್ಬರು ಇದ್ದಾರೆ, ವಾಲ್‌ಪ್ರೊಯೇಟ್. ಪ್ರಯೋಗಗಳಲ್ಲಿ ಎಎಲ್‌ಟಿ ಮೂರು ಪಟ್ಟು ಮೀರಿದ್ದು ವಾಲ್‌ಪ್ರೊಯೇಟ್, ಕ್ಲೊಬಜಾಮ್ ಎರಡೂ ಇದ್ದವರಲ್ಲಿ ನೂರಕ್ಕೆ 30 ಮಂದಿಗೆ. ಎರಡೂ ಇಲ್ಲದವರಲ್ಲಿ 3 ಮಂದಿಗೆ ಮಾತ್ರ. ಹೆಚ್ಚಿನ ಏರಿಕೆ ಮೊದಲ ಎರಡು ತಿಂಗಳಲ್ಲೇ ಕಾಣುತ್ತದೆ. ನೀವು ಈಗ ಅದೇ ಹೊತ್ತಿನಲ್ಲಿದ್ದೀರಿ. ಏರಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಔಷಧಿ ಇಳಿಸಿದ ಅಥವಾ ಬಿಟ್ಟ ಮೇಲೆ ಸರಿಹೋಯಿತು, ಉಳಿದವರಲ್ಲಿ ಹೆಚ್ಚಿನವರಿಗೆ ಅದೇ ಡೋಸ್‌ನಲ್ಲೇ ಇಳಿಯಿತು. ಎಎಲ್‌ಟಿ ಐದು ಪಟ್ಟು ದಾಟಿ ಹಾಗೇ ನಿಂತರೆ, ಇಲ್ಲವೇ ಮೂರು ಪಟ್ಟು ಮೀರಿರುವಾಗಲೇ ಬಿಲಿರುಬಿನ್ ಎರಡು ಪಟ್ಟು ದಾಟಿದರೆ, ಆಗ ಎಪಿಡಿಯೋಲೆಕ್ಸ್ ಬಿಡಲೇಬೇಕು. ನಿಮ್ಮ ಮಗ ಅಲ್ಲಿಗೆ ಹೋಗಿಲ್ಲ. ಡಾಕ್ಟರು ಎಪಿಡಿಯೋಲೆಕ್ಸ್ ಡೋಸ್ ಇಳಿಸಬಹುದು, ವಾಲ್‌ಪ್ರೊಯೇಟ್ ಇಳಿಸಬಹುದು, ರಕ್ತಪರೀಕ್ಷೆಯನ್ನಂತೂ ಬೇಗ ಮತ್ತೆ ಮಾಡಿಸುತ್ತಾರೆ. ಮಾಮೂಲಿಯಾಗಿ ಶುರು ಮಾಡುವ ಮೊದಲು, ಆಮೇಲೆ 1, 3, 6ನೇ ತಿಂಗಳಲ್ಲಿ ಲಿವರ್ ಪರೀಕ್ಷೆ ಇರುತ್ತದೆ. ವಾಲ್‌ಪ್ರೊಯೇಟ್ ಇದ್ದವರಿಗೆ ಇನ್ನೂ ಬೇಗಬೇಗ. ಕಣ್ಣು ಹಳದಿಯಾದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಬಿಡದೆ ವಾಂತಿಯಾದರೆ, ಹೊಟ್ಟೆಯ ಬಲಮೇಲ್ಭಾಗ ನೋವೆಂದು ಮಗ ಮುಟ್ಟಿ ತೋರಿಸಿದರೆ ಪರೀಕ್ಷೆಯ ದಿನಾಂಕಕ್ಕೆ ಕಾಯಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ.

ಭೇದಿ ಮಾತ್ರ ಹೊಸ ಸೊಸೆಯದ್ದೇ. ಅವಳನ್ನು ಅಷ್ಟೊಂದು ವಹಿಸಿಕೊಂಡು ಮಾತಾಡಿದೆನಲ್ಲ, ಇದನ್ನೂ ಹೇಳಬೇಕು. ಹಸಿವು ಕಡಿಮೆಯಾಗುವುದೂ ಅವಳದ್ದೇ. ಈ ದ್ರಾವಣ ಎಳ್ಳೆಣ್ಣೆಯಲ್ಲಿ ಕರಗಿಸಿದ್ದು. ಎಳ್ಳು ಅಲರ್ಜಿ ಇರುವ ಮಗುವಿಗೆ ಇದನ್ನು ಕೊಡುವಂತೆಯೇ ಇಲ್ಲ. ಡೋಸ್ ಹೆಚ್ಚಾದಷ್ಟೂ ಭೇದಿ, ಹಸಿವಿನ ಕೊರತೆ ಎರಡೂ ಹೆಚ್ಚು. ನಿಮ್ಮ ಲೆಕ್ಕ ನೋಡಿ: ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ. ದಿನಕ್ಕೆ 4 ಎಂಎಲ್ ಅಂದರೆ 400 ಮಿಲಿಗ್ರಾಂ, ಅಂದರೆ ಕಿಲೋಗೆ 20. ಅದು ಈ ಕಾಯಿಲೆಗೆ ಹೇಳಿರುವ ಗರಿಷ್ಠ ಡೋಸ್. ನಾಲ್ಕೇ ವಾರದಲ್ಲಿ ಮೆಟ್ಟಿಲು ಹತ್ತಿ ಮುಗಿಸಿದ್ದೀರಿ. ನಿಯಮದ ಪ್ರಕಾರ ತಪ್ಪಲ್ಲ. ಆದರೆ ತುದಿ ಮುಟ್ಟಲೇಬೇಕು ಅಂತಲೂ ಇಲ್ಲ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲೆನಾಕ್ಸ್–ಗ್ಯಾಸ್ಟೋ ಇದ್ದವರಿಗೆ ಕಿಲೋಗೆ 20 ಕೊಟ್ಟಾಗ ಬೀಳುವ ಫಿಟ್ಸ್ ಸರಾಸರಿ ನೂರಕ್ಕೆ 42ರಷ್ಟು ಇಳಿದವು, 10 ಕೊಟ್ಟಾಗ 37ರಷ್ಟು. ಔಷಧಿಯಿಲ್ಲದ ಬರೀ ದ್ರಾವಣ ಕೊಟ್ಟವರಲ್ಲಿ 17ರಷ್ಟು. ಐದರ ಆಸೆಗೆ ಡೋಸ್ ಎರಡು ಪಟ್ಟು. ಕೆಲವು ಮಕ್ಕಳಿಗೆ ಆ ಐದೇ ದೊಡ್ಡದು, ಇನ್ನು ಕೆಲವರಿಗೆ ಅಷ್ಟು ಬೆಲೆ ತೆರುವುದು ಬೇಡ. ನನ್ನನ್ನು ಕೇಳಿದರೆ, ಹೀಗೆ ಭೇದಿಯಾಗಿ ತೂಗುವ ಹುಡುಗನನ್ನು ಒಂದೆರಡು ಮೆಟ್ಟಿಲು ಕೆಳಗಿಳಿಸಿ ನೋಡುತ್ತಿದ್ದೆ. ಬೇಕಾದರೆ ಎರಡು ತಿಂಗಳಾದ ಮೇಲೆ, ಇನ್ನೂ ಸಣ್ಣ ಹೆಜ್ಜೆಯಲ್ಲಿ ಮತ್ತೆ ಹತ್ತಬಹುದು. ಅಲ್ಲಿಯವರೆಗೆ ನೀರು, ಓಆರ್‌ಎಸ್ ಆಗಾಗ ಕುಡಿಸಿ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಅದೇ ಹೊತ್ತಿನಲ್ಲಿ ತೂಕ ನೋಡಿ ಬರೆಯಿರಿ. 20 ಕಿಲೋ ಹುಡುಗ 19ಕ್ಕೆ ಬಂದರೆ ಡಾಕ್ಟರಿಗೆ ಗೊತ್ತಾಗಬೇಕು.

ಕೊನೆಗೆ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಹಿಂದೆ ಒಬ್ಬ ಹುಡುಗಿ ಭಾನುವಾರ, ಸೋಮವಾರ ಮಾತ್ರ ಮಂಕಾಗಿರುತ್ತಿದ್ದಳು. ಮೂರು ತಿಂಗಳು ಡೋಸ್ ಏರಿಸಿದೆ, ಇಳಿಸಿದೆ, ಮೆದುಳಿನ ಇಇಜಿ ಪರೀಕ್ಷೆ ತೆಗೆಸಿದೆ. ಒಂದು ದಿನ ಅವಳ ಅಜ್ಜಿ ಸುಮ್ನೆ ಮಾತಿಗೆ ಅಂದರು, "ಶಾಲೆ ಇದ್ದ ದಿನ ಖಾಲಿ ಹೊಟ್ಟೆಗೇ ಕುಡಿಸಿ ಓಡಿಸ್ತೀವಿ, ರಜಾ ದಿನ ಚೆನ್ನಾಗಿ ಉಣ್ಣಿಸಿ ಆಮೇಲೆ ಕೊಡ್ತೀವಿ." ಅಲ್ಲಿಗೆ ಮುಗಿಯಿತು. ಕೊಬ್ಬು ಹೆಚ್ಚಿರುವ ಊಟದ ಜೊತೆ ಕೊಟ್ಟರೆ ಇದು ರಕ್ತಕ್ಕೆ ನಾಲ್ಕೈದು ಪಟ್ಟು ಹೆಚ್ಚು ಸೇರುತ್ತದೆ. ಅದು ನನಗೆ ಗೊತ್ತಿತ್ತು. ಕೇಳಲು ಮಾತ್ರ ಹೊಳೆದಿರಲಿಲ್ಲ. ಊಟದ ಜೊತೆ ಕೊಟ್ಟರೆ ದಿನಾಲೂ ಊಟದ ಜೊತೆಗೇ ಕೊಡಿ, ಖಾಲಿ ಹೊಟ್ಟೆ ಅಂದರೆ ದಿನಾಲೂ ಖಾಲಿ ಹೊಟ್ಟೆಯೇ. ಯಾವುದಾದರೂ ಒಂದಕ್ಕೆ ನಿಲ್ಲಿ. ಅಜ್ಜಿಯರಿಗೂ ಹೇಳಿಡಿ.

ಪ್ರಶ್ನೆ: ಮಗಳಿಗೆ 6 ವರ್ಷ, ಮೆದುಳು ಮೊದಲಾದ ಕಡೆ ಗಂಟು ಬೆಳೆಯುವ ಟ್ಯೂಬರಸ್ ಸ್ಕ್ಲಿರೋಸಿಸ್ ಕಾಯಿಲೆ. ಅದಕ್ಕೆ ಎವೆರೋಲಿಮಸ್ ಎಂಬ ಔಷಧಿ ಕೊಡುತ್ತಿದ್ದೇವೆ. ಊಟ, ಔಷಧಿ ಎಲ್ಲ ಹೊಟ್ಟೆಯ ಟ್ಯೂಬಿನಲ್ಲೇ. ಎರಡು ತಿಂಗಳಿಂದ ಕ್ಯಾನಬಿಡಿಯಾಲ್ ಶುರುವಾಗಿದೆ. ಬಾಯಿ ತುಂಬ ಹುಣ್ಣು, ಮೇಲಿಂದ ಮೇಲೆ ಜ್ವರ. ಎಣ್ಣೆ ಔಷಧಿ ಅವಳಿಗೆ ಆಗಿಬರುತ್ತಿಲ್ಲ ಅಂತ ನನ್ನ ಅನುಮಾನ. ಸರಿಯಾ ಡಾಕ್ಟರೇ?

ಉತ್ತರ: ಅರ್ಧ ಸರಿ. ಬಾಯಿ ಹುಣ್ಣು, ಸೋಂಕು ಎರಡೂ ಎವೆರೋಲಿಮಸ್‌ನ ಹಳೇ ಚಾಳಿ. ಕ್ಯಾನಬಿಡಿಯಾಲ್ ಜೊತೆಗಿದ್ದರೆ ರಕ್ತದಲ್ಲಿ ಎವೆರೋಲಿಮಸ್ ಸುಮಾರು ಎರಡೂವರೆ ಪಟ್ಟು ಏರಬಹುದು. ಹೊಸದನ್ನು ಸೇರಿಸಿದ ಮೇಲೆ ಎವೆರೋಲಿಮಸ್ ಮಟ್ಟದ ಪರೀಕ್ಷೆ ಆಗಿದೆಯಾ? ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ಆಗಿಲ್ಲವಾದರೆ ಈ ವಾರವೇ ಮಾಡಿಸಿ. ಹುಣ್ಣಿನ ಜೊತೆ ಜ್ವರ ಇರುವಾಗ ಆ ದಿನವೇ ತೋರಿಸಬೇಕು, ಸೋಂಕು ತಡೆಯುವ ಶಕ್ತಿಯನ್ನು ಎವೆರೋಲಿಮಸ್ ಕುಗ್ಗಿಸುತ್ತದೆ.

ಟ್ಯೂಬ್ ಬಗ್ಗೆ ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ಅದು ಯಾವುದರಿಂದ ಮಾಡಿದ್ದು? ಸಿಲಿಕೋನ್ ಆದರೆ ಚಿಂತೆಯಿಲ್ಲ. ಪಿವಿಸಿ ಆಗಿದ್ದರೆ ಈ ಔಷಧಿಗೆ ಅದು ಬೇಡ. ನರ್ಸನ್ನು ಕೇಳಿದರೆ ಹೇಳುತ್ತಾರೆ. ಕೊಟ್ಟ ಮೇಲೆ ನೀರು ಹಾಯಿಸಿ, ಎಣ್ಣೆ ಗೋಡೆಗೆ ಅಂಟಿ ನಿಂತರೆ ಮಗಳಿಗೆ ಎಷ್ಟು ಹೋಯಿತು ಅನ್ನುವ ಲೆಕ್ಕವೇ ತಪ್ಪುತ್ತದೆ. ಅಳೆಯಲು ಬಾಟಲಿ ಜೊತೆ ಬಂದ ಸಿರಿಂಜೇ ಸರಿ, ಚಮಚ ಬೇಡ. ಸಿರಿಂಜಿನ ಒಳಗೆ ನೀರಿದ್ದರೆ ದ್ರಾವಣ ಮಬ್ಬಾಗಿ ಕಾಣುತ್ತದೆ, ಅದಕ್ಕೇ ಒಣಗಿಸಿ ಬಳಸಿ.

ಪ್ರಶ್ನೆ: ನನಗೆ 22 ವರ್ಷ, ಡ್ರಾವೆ ಸಿಂಡ್ರೋಮ್ ಇರುವ ತಮ್ಮನ ಔಷಧಿ ನೋಡಿಕೊಳ್ಳುವುದು ನಾನೇ. ಎರಡು ಸಣ್ಣ ಪ್ರಶ್ನೆ. ಚಿಕ್ಕಪ್ಪ ಆನ್‌ಲೈನ್‌ನಲ್ಲಿ ಕ್ಯಾನಬಿಡಿಯಾಲ್ ಎಣ್ಣೆ ತರಿಸಿದ್ದಾರೆ, "ಅದೇ ಸರಕು" ಅನ್ನುತ್ತಾರೆ. ಬಾಟಲಿ ಖಾಲಿಯಾದ ದಿನ ಅದನ್ನು ಕೊಡಬಹುದಾ? ಇನ್ನೊಂದು, ತಮ್ಮನಿಗೆ ಮೂತ್ರದ ಡ್ರಗ್ ಟೆಸ್ಟ್ ಮಾಡಿದರೆ ಗಾಂಜಾ ಅಂತ ಬರುತ್ತದಾ?

ಉತ್ತರ: ಕೊಡಬೇಡಿ. ಅಮೆರಿಕದಲ್ಲಿ ಹೀಗೆ ಆನ್‌ಲೈನ್‌ನಲ್ಲಿ ಕೊಂಡ 84 ಉತ್ಪನ್ನಗಳನ್ನು ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ಲೇಬಲ್ಲಿಗೂ ಒಳಗಿನ ಸರಕಿಗೂ ತಾಳೆಯಾದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿಯೂ ಸಿಕ್ಕಿತು. ಡೋಸ್ ಗೊತ್ತಿಲ್ಲದ ಎಣ್ಣೆಯಿಂದ ಫಿಟ್ಸ್ ಹಿಡಿತ ತಪ್ಪಿದರೆ ಚಿಕ್ಕಪ್ಪ ಏನೂ ಮಾಡಲಾರರು. ಈಗಾಗಲೇ ಒಂದೆರಡು ಸಲ ಕೊಟ್ಟಿದ್ದರೆ ಡಾಕ್ಟರಿಗೆ ಹೇಳಿಬಿಡಿ. ಬಯ್ಯುವುದಿಲ್ಲ. ಬಯ್ದರೂ ಹೇಳಿ. ಬಾಟಲಿ ಮುಗಿಯಲು ಹತ್ತು ದಿನ ಇರುವಾಗಲೇ ಹೊಸದಕ್ಕೆ ಹೇಳಿಡುವುದು ಒಳ್ಳೆಯದು.

ಮೂತ್ರದ ಟೆಸ್ಟಿನಲ್ಲಿ ಗಾಂಜಾ ಅಂತ ತಪ್ಪಾಗಿ ತೋರಿಸುವ ಸಾಧ್ಯತೆ ಇದೆ. ಟೆಸ್ಟಿಗೆ ಮೊದಲೇ ಔಷಧಿಯ ಹೆಸರು ತಿಳಿಸಿ, ಡಾಕ್ಟರ ಚೀಟಿ ಜೊತೆಗಿಟ್ಟುಕೊಳ್ಳಿ.

ಅಂದ ಹಾಗೆ, ಬಾಟಲಿ ತೆರೆದ ದಿನವನ್ನು ಅದರ ಮೇಲೇ ಪೆನ್ನಿನಲ್ಲಿ ಬರೆಯಿರಿ. 12 ವಾರ ಆದ ಮೇಲೆ ಉಳಿದದ್ದನ್ನು ಬಳಸುವಂತಿಲ್ಲ.