ಅವ್ವನ ಆಪರೇಷನ್‌ಗೆ ಮೊದಲೇ ರಕ್ತ ಹಾಕಿಸಬೇಕಾ?

ಅವ್ವನ ಹಿಮೋಗ್ಲೋಬಿನ್ 8.4, ಗರ್ಭಕೋಶದ ಆಪರೇಷನ್‌ಗೆ ಇನ್ನೂ ಮೂರು ವಾರ, ಬಾಗಲಕೋಟೆಯ ಡಾಕ್ಟರು ರಕ್ತ ಬೇಡ, ಐರನ್ ಡ್ರಿಪ್ (ನರಕ್ಕೆ ಹನಿಹನಿಯಾಗಿ ಏರಿಸುವ ಕಬ್ಬಿಣಾಂಶದ ಔಷಧಿ) ಸಾಕು ಅಂದರು, ಸರಿನಾ ಅಂತ ಕೇಳಿದ್ದೀರಿ. ನನಗೆ ಸರಿ ಅನಿಸುತ್ತದೆ. ಒಂದು ಬಾಟ್ಲಿ ರಕ್ತದಿಂದ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರುತ್ತದೆ, ಅಷ್ಟೇ. ಐರನ್ ಕೊರತೆಯೇ ಕಾರಣವಾಗಿದ್ದರೆ ಮೂರು ವಾರದಲ್ಲಿ ಡ್ರಿಪ್ಪೇ ಅದಕ್ಕಿಂತ ಜಾಸ್ತಿ ಏರಿಸಬಹುದು. ಆರಾಮಾಗಿ ಓಡಾಡಿಕೊಂಡಿರುವವರಿಗೆ ಸಾಮಾನ್ಯವಾಗಿ 7ಕ್ಕಿಂತ ಕೆಳಗಿಳಿದರೆ ಮಾತ್ರ ರಕ್ತ ಕೊಡುತ್ತಾರೆ. ಎದೆನೋವು, ಹೃದಯದ ಕಾಯಿಲೆ ಇದ್ದರೆ ಲೆಕ್ಕ ಬೇರೆ. ನಮ್ಮ ಕಡೆ ‘ಎರಡು ಬಾಟ್ಲಿ ಏರಿಸಿದ್ರ ಶಕ್ತಿ ಬರ್ತದ’ ಅನ್ನೋರು ಬಹಳ. ಸುಮ್ನೆ ಒತ್ತಾಯ ಮಾಡಬೇಡಿ. ಆದರೆ ಆಪರೇಷನ್ ದಿನಕ್ಕೆ ಕ್ರಾಸ್‌ಮ್ಯಾಚ್ ಮಾಡಿದ (ಅವ್ವನ ರಕ್ತಕ್ಕೆ ಹೊಂದುತ್ತದಾ ಅಂತ ಪರೀಕ್ಷಿಸಿದ) ರಕ್ತ ಇಟ್ಟಿರುತ್ತಾರಾ ಕೇಳಿ. ಹಾಕುವ ಪ್ರಸಂಗ ಬಂದರೆ ಚೀಲದ ಮೇಲಿನ ಹೆಸರು, ಗುಂಪು ನೀವೂ ನೋಡಿ. ಮೊದಲ 15 ನಿಮಿಷ ಪಕ್ಕದಲ್ಲೇ ಇರಿ. ಚಳಿ, ತುರಿಕೆ, ಬೆನ್ನುನೋವು ಅಂದರೆ ತಕ್ಷಣ ನರ್ಸನ್ನು ಕರೆಯಿರಿ.